ಕಡಿಮೆ ಬೆಲೆಯ ಥರ್ಮಲ್ ಕ್ಯಾಮೆರಾ: ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು ಹಾಗೂ ಗೃಹ ವಿದ್ಯುತ್ ಸುರಕ್ಷತೆಯಲ್ಲಿ ಅದರ ಬಳಕೆಯ ಮಿತಿಗಳು

1. ಪೀಠಿಕೆ

ಕಟ್ಟಡಗಳಲ್ಲಿ ವಿದ್ಯುತ್ತಿನಿಂದ ಬೆಂಕಿ ಹೊತ್ತಿಕೊಳ್ಳಲು ಇರುವ ಮುಖ್ಯ ಕಾರಣಗಳಲ್ಲಿ ಸಡಿಲಗೊಂಡ ಅಥವಾ ತುಕ್ಕು ಹಿಡಿದ ಜೋಡಣೆಯೂ ಒಂದಾಗಿರುತ್ತದೆ. ಇಂತಹ ಜೋಡಣೆಯು ಬೆಂಕಿ ಹೊತ್ತಿಕೊಳ್ಳುವ ಎಷ್ಟೋ ದಿನಗಳ ಮೊದಲಿನಿಂದಲೇ ಸುತ್ತಲಿನ ಭಾಗಗಳಿಗಿಂತ ಹೆಚ್ಚು ಬಿಸಿಯಾಗುತ್ತಿರುತ್ತದೆ. ಈ ಬಿಸಿಯನ್ನು ಮುಟ್ಟದೆಯೇ ದೂರದಿಂದ ಗುರುತಿಸಲು ಥರ್ಮಲ್ ಕ್ಯಾಮೆರಾ ನೆರವಾಗುತ್ತದೆ.

ಹಿಂದೆ ಇಂತಹ ಉಪಕರಣಗಳು ದೊಡ್ಡ ಕೈಗಾರಿಕೆಗಳು, ವಿದ್ಯುತ್ ಉಪಕೇಂದ್ರಗಳು ಹಾಗೂ ರಕ್ಷಣಾ ಸಂಸ್ಥೆಗಳಲ್ಲಿ ಮಾತ್ರ ಕಾಣಸಿಗುತ್ತಿದ್ದವು. 2020ರಲ್ಲಿ ಕೋವಿಡ್ ಸೋಂಕಿನ ಸಂದರ್ಭದಲ್ಲಿ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ದೇಹದ ಉಷ್ಣತೆಯನ್ನು ತಪಾಸಣೆ ಮಾಡಿದ್ದರಿಂದ ಈ ತಂತ್ರಜ್ಞಾನವು ಜನಸಾಮಾನ್ಯರಿಗೂ ಪರಿಚಿತವಾಯಿತು. ಈಗ ಕೈಯಲ್ಲಿ ಹಿಡಿಯುವ ಹಾಗೂ ಮೊಬೈಲ್ ಫೋನಿಗೆ ಜೋಡಿಸುವ ಮಾದರಿಗಳು ಮಾರುಕಟ್ಟೆಯಲ್ಲಿ ಲಭ್ಯವಿದ್ದು, ವೈರ್‌ಮನ್‌ಗಳು, ಸಣ್ಣ ಕೈಗಾರಿಕೆಗಳ ಮಾಲೀಕರು ಹಾಗೂ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳು ಇವುಗಳ ಖರೀದಿಗೆ ಆಸಕ್ತಿ ತೋರುತ್ತಿರುವುದು ಕಂಡುಬರುತ್ತಿದೆ.

ತಪ್ಪು ಉಪಕರಣವನ್ನು ಖರೀದಿಸಿದಲ್ಲಿ ಹಣ ಮಾತ್ರ ನಷ್ಟವಾಗುವುದಿಲ್ಲ. ದೋಷವಿರುವ ಬೋರ್ಡನ್ನು ಕ್ಯಾಮೆರಾ ತಂಪಾಗಿ ತೋರಿಸಿದರೆ, ಮನೆಯವರು ನಿಶ್ಚಿಂತರಾಗಿ ಆ ಬೋರ್ಡಿನ ಕೆಳಗೇ ಮಲಗುವ ಸಂಭವವಿರುತ್ತದೆ. ಆದುದರಿಂದ ಉಪಕರಣದ ಗುಣಮಟ್ಟವನ್ನು ಖರೀದಿದಾರರೇ ಪರೀಕ್ಷಿಸುವ ವಿಧಾನವನ್ನೂ, ಅದು ಏನನ್ನು ತೋರಿಸಲಾರದು ಎಂಬುದನ್ನೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ. ಯಾವುದೇ ತಯಾರಕರ ಅಥವಾ ಮಾರಾಟಗಾರರ ಹೆಸರನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ.

2. ಉಪಕರಣವು ಕಾರ್ಯನಿರ್ವಹಿಸುವ ರೀತಿ

ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ಅನುಗುಣವಾಗಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು, ಅಂದರೆ ಇನ್‌ಫ್ರಾರೆಡ್ ಕಿರಣಗಳನ್ನು, ಹೊರಸೂಸುತ್ತದೆ. ಈ ಕಿರಣಗಳನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಅವರು ಪತ್ತೆ ಹಚ್ಚಿದರು. ಕಡಿಮೆ ಬೆಲೆಯ ಥರ್ಮಲ್ ಕ್ಯಾಮೆರಾಗಳು ಸಾಮಾನ್ಯವಾಗಿ 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಕಿರಣಗಳನ್ನು ಗ್ರಹಿಸುತ್ತವೆ. ಒಳಗಿರುವ ಮೈಕ್ರೋಬೋಲೋಮೀಟರ್ ಎಂಬ ಸಂವೇದಕದ ಪ್ರತಿಯೊಂದು ಬಿಂದುವೂ ತನ್ನ ಮೇಲೆ ಬಿದ್ದ ಕಿರಣದಿಂದ ಅತ್ಯಲ್ಪವಾಗಿ ಬಿಸಿಯಾಗಿ, ಅದರ ವಿದ್ಯುತ್ ರೋಧವು ಬದಲಾಗುತ್ತದೆ. ಈ ಬದಲಾವಣೆಯನ್ನು ಉಪಕರಣವು ಲೆಕ್ಕ ಹಾಕಿ ಬಣ್ಣದ ಚಿತ್ರವನ್ನಾಗಿ ತೋರಿಸುತ್ತದೆ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕ್ಯಾಮೆರಾವು ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ಬಂದ ಕಿರಣದಿಂದ ಉಷ್ಣತೆಯನ್ನು ಅಂದಾಜಿಸುತ್ತದೆ. ಎರಡನೆಯದಾಗಿ, ಅದು ವಸ್ತುವಿನ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಗೋಡೆಯ ಒಳಗಿನ ವೈರು, ಮುಚ್ಚಿದ ಪೆಟ್ಟಿಗೆಯ ಒಳಗಿನ ಸ್ಕ್ರೂ, ಗಾಜಿನ ಅಥವಾ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಬಾಗಿಲಿನ ಹಿಂದಿರುವ ಎಂಸಿಬಿ, ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಕಣ್ಣಿಗೆ ಪಾರದರ್ಶಕವಾದ ಗಾಜು ಈ ಕಿರಣಗಳಿಗೆ ಗೋಡೆಯಿದ್ದಂತೆ.

3. ವಿವರಣಾ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶಗಳು

3.1 ಸಂವೇದಕದ ಬಿಂದುಗಳ ಸಂಖ್ಯೆ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ಸಂಖ್ಯೆಯು ಅನೇಕ ವೇಳೆ ಪರದೆಯದ್ದಾಗಿರುತ್ತದೆ, ಸಂವೇದಕದ್ದಲ್ಲ. ಖರೀದಿದಾರರು ಅವಕೆಂಪು ಸಂವೇದಕದ ಸಂಖ್ಯೆಯನ್ನೇ ಕೇಳಿ ತಿಳಿಯತಕ್ಕದ್ದು. ಈ ಬೆಲೆಯ ಶ್ರೇಣಿಯಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂವೇದಕಗಳು ಈ ಕೆಳಕಂಡಂತಿವೆ:

- 80×60, ಒಟ್ಟು 4,800 ಬಿಂದುಗಳು
- 160×120, ಒಟ್ಟು 19,200 ಬಿಂದುಗಳು
- 256×192, ಒಟ್ಟು 49,152 ಬಿಂದುಗಳು

ಸಾಫ್ಟ್‌ವೇರ್ ಮೂಲಕ ಬಿಂದುಗಳನ್ನು ಹೆಚ್ಚಿಸಿ ತೋರಿಸುವ ಸೌಲಭ್ಯವು ಚಿತ್ರವನ್ನು ನಯಗೊಳಿಸುತ್ತದೆಯೇ ಹೊರತು ಅಳತೆಯ ನಿಖರತೆಯನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸುವುದಿಲ್ಲ. ಸಾಮಾನ್ಯ ಛಾಯಾಚಿತ್ರದ ಗೆರೆಗಳನ್ನು ಶಾಖಚಿತ್ರದ ಮೇಲೆ ಮೂಡಿಸುವ ಸೌಲಭ್ಯವು ಸ್ಥಳವನ್ನು ಗುರುತಿಸಲು ಉಪಯುಕ್ತವಾದುದು. ಆದರೆ ಇದರಿಂದ ಚಿತ್ರವು ವಾಸ್ತವಕ್ಕಿಂತ ಹೆಚ್ಚು ಸ್ಪಷ್ಟವೆಂಬ ಭ್ರಮೆ ಉಂಟಾಗಬಹುದು.

3.2 ಅಳೆಯಬಹುದಾದ ಅತ್ಯಂತ ಚಿಕ್ಕ ಜಾಗ

ಒಂದು ಜಾಗದ ಉಷ್ಣತೆಯನ್ನು ನಂಬಲರ್ಹವಾಗಿ ಅಳೆಯಲು ಆ ಜಾಗವು ಕನಿಷ್ಠ ಮೂರು ಬಿಂದುಗಳಷ್ಟು ಅಗಲ ಹಾಗೂ ಮೂರು ಬಿಂದುಗಳಷ್ಟು ಎತ್ತರ ಇರಬೇಕೆಂಬುದು ರೂಢಿಯಲ್ಲಿರುವ ನಿಯಮ. ಅದಕ್ಕಿಂತ ಚಿಕ್ಕದಾದಲ್ಲಿ ಬಿಸಿ ಜಾಗದ ಜೊತೆಗೆ ಸುತ್ತಲಿನ ತಂಪು ಜಾಗವೂ ಸೇರಿ ಸರಾಸರಿಯಾಗಿ, ಕಡಿಮೆ ಉಷ್ಣತೆ ನಮೂದಾಗುತ್ತದೆ.

ಸಮತಲದಲ್ಲಿ 50 ಡಿಗ್ರಿ ನೋಟದ ಕೋನವಿರುವ ಮಸೂರವು 1 ಮೀಟರ್ ದೂರದಲ್ಲಿ ಸುಮಾರು 93 ಸೆಂಟಿಮೀಟರ್ ಅಗಲದ ಜಾಗವನ್ನು ನೋಡುತ್ತದೆ. ಈ ಲೆಕ್ಕದಂತೆ ಅಳೆಯಬಹುದಾದ ಅತ್ಯಂತ ಚಿಕ್ಕ ಜಾಗದ ಅಗಲವು ಸ್ಥೂಲವಾಗಿ ಹೀಗಿರುತ್ತದೆ:

- 80×60 ಸಂವೇದಕ: 1 ಮೀಟರ್ ದೂರದಿಂದ 35 ಮಿಲಿಮೀಟರ್, 30 ಸೆಂಟಿಮೀಟರ್ ದೂರದಿಂದ 10 ಮಿಲಿಮೀಟರ್
- 160×120 ಸಂವೇದಕ: 1 ಮೀಟರ್ ದೂರದಿಂದ 17 ಮಿಲಿಮೀಟರ್, 30 ಸೆಂಟಿಮೀಟರ್ ದೂರದಿಂದ 5 ಮಿಲಿಮೀಟರ್
- 256×192 ಸಂವೇದಕ: 1 ಮೀಟರ್ ದೂರದಿಂದ 11 ಮಿಲಿಮೀಟರ್; 30 ಸೆಂಟಿಮೀಟರ್ ದೂರದಿಂದ 3 ಮಿಲಿಮೀಟರ್

ಮನೆಗಳಲ್ಲಿ ಬಳಸುವ ಒಂದು ಧ್ರುವದ ಎಂಸಿಬಿಯ ಅಗಲ ಸುಮಾರು 18 ಮಿಲಿಮೀಟರ್ ಇರುತ್ತದೆ. ಅದರ ಸ್ಕ್ರೂ ಕೆಲವೇ ಮಿಲಿಮೀಟರ್. ಆದುದರಿಂದ 80×60 ಸಂವೇದಕದ ಕ್ಯಾಮೆರಾದಲ್ಲಿ 1 ಮೀಟರ್ ದೂರದಿಂದ ನೋಡಿದರೆ ಅಕ್ಕಪಕ್ಕದ ಎರಡು ಎಂಸಿಬಿಗಳ ಉಷ್ಣತೆಯನ್ನು ಪ್ರತ್ಯೇಕವಾಗಿ ಅಳೆಯಲು ಸಾಧ್ಯವಾಗುವುದಿಲ್ಲ. ಹತ್ತಿರದಿಂದ ನೋಡಬೇಕಾದಾಗ ಮಸೂರವು ಎಷ್ಟು ಹತ್ತಿರಕ್ಕೆ ಸ್ಪಷ್ಟವಾಗಿ ಕೇಂದ್ರೀಕರಿಸಬಲ್ಲದು ಎಂಬುದನ್ನೂ ಪರಿಶೀಲಿಸತಕ್ಕದ್ದು.

3.3 ಸೂಕ್ಷ್ಮತೆ ಮತ್ತು ನಿಖರತೆ

ಇವೆರಡೂ ಬೇರೆ ಬೇರೆ. ಎರಡು ಜಾಗಗಳ ನಡುವಿನ ಎಷ್ಟು ಚಿಕ್ಕ ವ್ಯತ್ಯಾಸವನ್ನು ಉಪಕರಣವು ಗುರುತಿಸಬಲ್ಲದು ಎಂಬುದು ಸೂಕ್ಷ್ಮತೆ. ಇದನ್ನು ಮಿಲಿಕೆಲ್ವಿನ್ ಅಳತೆಯಲ್ಲಿ ನಮೂದಿಸಲಾಗುತ್ತದೆ ಮತ್ತು ಸಂಖ್ಯೆ ಕಡಿಮೆಯಿದ್ದಷ್ಟೂ ಉತ್ತಮ. 50 ಮಿಲಿಕೆಲ್ವಿನ್ ಎಂದರೆ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ. ನಮೂದಾದ ಉಷ್ಣತೆಯು ನಿಜವಾದ ಉಷ್ಣತೆಗೆ ಎಷ್ಟು ಹತ್ತಿರವಿದೆ ಎಂಬುದು ನಿಖರತೆ. ಇದು ಸಾಮಾನ್ಯವಾಗಿ 2 ಡಿಗ್ರಿ ಅಥವಾ ಶೇಕಡಾ 2, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಹೆಚ್ಚು ಅಥವಾ ಕಡಿಮೆ ಎಂದು ಘೋಷಿಸಲಾಗಿರುತ್ತದೆ. ಈ ಘೋಷಣೆಯು ಯಾವ ಉಷ್ಣತೆಯ ವ್ಯಾಪ್ತಿಗೆ ಅನ್ವಯಿಸುತ್ತದೆ ಎಂಬುದನ್ನು ಕೈಪಿಡಿಯ ಸಣ್ಣ ಅಕ್ಷರಗಳಲ್ಲಿ ಓದಿಕೊಳ್ಳುವುದು ಸೂಕ್ತ.

3.4 ಇತರೆ ಅಂಶಗಳು

(ಅ) ಚಿತ್ರ ಬದಲಾಗುವ ವೇಗ: ಸೆಕೆಂಡಿಗೆ 9 ಚಿತ್ರಗಳಿಗಿಂತ ಕಡಿಮೆ ವೇಗದ ಮಾದರಿಗಳು ಹೆಚ್ಚಾಗಿ ಇರಲು ಕೆಲವು ದೇಶಗಳ ರಫ್ತು ನಿಯಂತ್ರಣ ನಿಯಮಗಳೂ ಕಾರಣ. ಸ್ಥಿರವಾದ ಬೋರ್ಡುಗಳನ್ನು ನೋಡಲು ಈ ವೇಗ ಸಾಕಾಗುತ್ತದೆ.

(ಆ) ಹೊಂದಾಣಿಕೆಯ ಸೌಲಭ್ಯ: ಉತ್ಸರ್ಜನ ಗುಣಾಂಕವನ್ನು ಹಾಗೂ ಬಣ್ಣದ ಅಳತೆಪಟ್ಟಿಯ ಮೇಲಿನ ಮತ್ತು ಕೆಳಗಿನ ಮಿತಿಯನ್ನು ಬಳಕೆದಾರರೇ ಬದಲಾಯಿಸುವಂತಿರಬೇಕು. ಸ್ವಯಂಚಾಲಿತ ಅಳತೆಪಟ್ಟಿಯಲ್ಲಿ ಕೇವಲ 2 ಡಿಗ್ರಿ ವ್ಯತ್ಯಾಸವೂ ಕಡುಗೆಂಪಾಗಿ ಕಾಣಬಹುದು. ಕೆಂಪು ಬಣ್ಣವು ಅಪಾಯದ ಸಂಕೇತವಲ್ಲ. ಚಿತ್ರದಲ್ಲಿರುವ ಉಳಿದ ಭಾಗಗಳಿಗಿಂತ ಬಿಸಿ ಎಂಬುದಷ್ಟೇ ಅದರ ಅರ್ಥ.

(ಇ) ಚಿತ್ರದ ದಾಖಲೆ: ಪ್ರತಿ ಬಿಂದುವಿನ ಉಷ್ಣತೆಯನ್ನೂ ಸಂಗ್ರಹಿಸುವ ಮಾದರಿಯಾದಲ್ಲಿ ನಂತರ ಕಂಪ್ಯೂಟರಿನಲ್ಲಿ ಪುನಃ ಪರಿಶೀಲಿಸಬಹುದು. ಬರೀ ಬಣ್ಣದ ಚಿತ್ರವನ್ನು ಉಳಿಸುವ ಮಾದರಿಯಲ್ಲಿ ಇದು ಸಾಧ್ಯವಿಲ್ಲ.

4. ಮೇಲ್ಮೈಯ ಸ್ವಭಾವದಿಂದ ಉಂಟಾಗುವ ತಪ್ಪುಗಳು

ಒಂದೇ ಉಷ್ಣತೆಯಲ್ಲಿರುವ ಎರಡು ವಸ್ತುಗಳು ಒಂದೇ ಪ್ರಮಾಣದ ಕಿರಣವನ್ನು ಹೊರಸೂಸುವುದಿಲ್ಲ. ಈ ಸಾಮರ್ಥ್ಯವನ್ನು ಎಮಿಸಿವಿಟಿ ಅಥವಾ ಉತ್ಸರ್ಜನ ಗುಣಾಂಕ ಎನ್ನಲಾಗುತ್ತದೆ ಹಾಗೂ 0ರಿಂದ 1ರವರೆಗಿನ ಸಂಖ್ಯೆಯಲ್ಲಿ ಸೂಚಿಸಲಾಗುತ್ತದೆ. ಕೆಲವು ಅಂದಾಜು ಮೌಲ್ಯಗಳು:

- ಮನುಷ್ಯನ ಚರ್ಮ: 0.98
- ನೀರು: 0.96
- ವೈರಿಗೆ ಸುತ್ತುವ ಕಪ್ಪು ಇನ್ಸುಲೇಷನ್ ಟೇಪು: 0.95
- ಬಣ್ಣ ಬಳಿದ ಗೋಡೆ, ಮಣ್ಣಿನ ಹಂಚು: 0.90ರ ಆಸುಪಾಸು
- ಹೊಳೆಯುವ ತಾಮ್ರ ಅಥವಾ ಅಲ್ಯೂಮಿನಿಯಂ: 0.05ರ ಆಸುಪಾಸು

ಹೊಳೆಯುವ ಲೋಹವು ತನ್ನ ಕಿರಣವನ್ನು ಸೂಸುವುದಕ್ಕಿಂತ ಸುತ್ತಲಿನ ವಸ್ತುಗಳ ಕಿರಣವನ್ನು ಕನ್ನಡಿಯಂತೆ ಪ್ರತಿಫಲಿಸುವುದೇ ಹೆಚ್ಚು. 30 ಡಿಗ್ರಿ ಸೆಲ್ಸಿಯಸ್ ಇರುವ ಕೊಠಡಿಯಲ್ಲಿ ಹೊಳೆಯುವ ತಾಮ್ರದ ಪಟ್ಟಿಯೊಂದು 80 ಡಿಗ್ರಿಗೆ ಬಿಸಿಯಾಗಿದ್ದು, ಕ್ಯಾಮೆರಾದ ಗುಣಾಂಕವನ್ನು 0.95ಕ್ಕೆ ಇರಿಸಿದ್ದಲ್ಲಿ, ಲೆಕ್ಕದ ಪ್ರಕಾರ ಪರದೆಯ ಮೇಲೆ 35 ಡಿಗ್ರಿಗಿಂತಲೂ ಕಡಿಮೆ ನಮೂದಾಗುತ್ತದೆ. ಕೈ ಸುಡುವಷ್ಟು ಬಿಸಿಯಾದ ಪಟ್ಟಿಯು ತಣ್ಣಗಿರುವಂತೆ ತೋರುವುದು ಹೀಗೆ. ಆದುದರಿಂದ ಬೋರ್ಡಿನಲ್ಲಿ ಬರಿಯ ಲೋಹವನ್ನು ನೋಡದೆ, ಅದಕ್ಕೆ ತಾಗಿಕೊಂಡಿರುವ ವೈರಿನ ಹೊದಿಕೆ ಅಥವಾ ಎಂಸಿಬಿಯ ಪ್ಲಾಸ್ಟಿಕ್ ಭಾಗವನ್ನು ನೋಡತಕ್ಕದ್ದು.

5. ಖರೀದಿದಾರರು ತಾವೇ ಕೈಗೊಳ್ಳಬಹುದಾದ ಪರೀಕ್ಷೆಗಳು

ಈ ಪರೀಕ್ಷೆಗಳಿಗೆ ಅಡುಗೆಮನೆಯ ಸಾಮಗ್ರಿಗಳು ಸಾಕು. ಹಿಂದಿರುಗಿಸಲು ಇರುವ ಅವಧಿಯೊಳಗೆ ಇವುಗಳನ್ನು ಪೂರೈಸುವುದು ಸೂಕ್ತ. ಪ್ರತಿ ಪರೀಕ್ಷೆಗೂ ಮುನ್ನ ಉಪಕರಣವನ್ನು ಚಾಲನೆಗೊಳಿಸಿ ಸುಮಾರು 10 ನಿಮಿಷ ಬಿಡತಕ್ಕದ್ದು. ಒಳಗಿನ ಸಂವೇದಕವು ಸ್ಥಿರಗೊಳ್ಳುವವರೆಗೆ ಅಳತೆಗಳು ಏರುಪೇರಾಗುತ್ತಿರುತ್ತವೆ.

5.1 ಮಂಜುಗಡ್ಡೆ ಪರೀಕ್ಷೆ

ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಪುಡಿ ಮಾಡಿದ ಮಂಜುಗಡ್ಡೆಯನ್ನು ತುಂಬಿ, ಸ್ವಲ್ಪ ನೀರು ಹಾಕಿ, ಕೆಲವು ನಿಮಿಷ ಕಲಕಬೇಕು. ಗುಣಾಂಕವನ್ನು 0.96ಕ್ಕೆ ಇರಿಸಿ ಮೇಲಿನಿಂದ ನೋಡಿದಾಗ 0 ಡಿಗ್ರಿಯ ಆಸುಪಾಸಿನಲ್ಲಿ, ಘೋಷಿತ ನಿಖರತೆಯ ಮಿತಿಯೊಳಗೆ ಅಳತೆ ಬರಬೇಕು.

5.2 ಕುದಿಯುವ ನೀರಿನ ಪರೀಕ್ಷೆ

ಮಂಗಳೂರು ಸಮುದ್ರಮಟ್ಟಕ್ಕೆ ಸಮೀಪವಿರುವುದರಿಂದ ಇಲ್ಲಿ ನೀರು ಬಹುತೇಕ 100 ಡಿಗ್ರಿಯಲ್ಲೇ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಇದು ಸುಮಾರು 97 ಡಿಗ್ರಿ. ಸ್ಟೀಲ್ ಪಾತ್ರೆಯ ಹೊರಮೈಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಕಪ್ಪು ಇನ್ಸುಲೇಷನ್ ಟೇಪಿನ ತುಂಡನ್ನು ಅಂಟಿಸಿ, ಬೇರೆ ಪಾತ್ರೆಯಲ್ಲಿ ಕುದಿಸಿದ ನೀರನ್ನು ಜಾಗರೂಕತೆಯಿಂದ ಅದಕ್ಕೆ ಸುರಿಯಬೇಕು. ಟೇಪು ಅಂಟಿಸಿದ ಪಾತ್ರೆಯನ್ನು ಒಲೆಯ ಮೇಲೆ ಇಡಕೂಡದು. ನೀರು ಸುರಿದ ಕೂಡಲೇ ಟೇಪಿನ ಉಷ್ಣತೆಯನ್ನೂ ಪಕ್ಕದ ಬರಿಯ ಸ್ಟೀಲಿನ ಉಷ್ಣತೆಯನ್ನೂ ನೋಡಬೇಕು. ಪಾತ್ರೆಗೆ ಸುರಿಯುವಾಗ ನೀರು ತುಸು ಆರುವುದರಿಂದ, ಅಡುಗೆಗೆ ಬಳಸುವ ಥರ್ಮಾಮೀಟರ್ ಇದ್ದಲ್ಲಿ ನೀರಿನ ಉಷ್ಣತೆಯನ್ನು ಅದೇ ಕ್ಷಣದಲ್ಲಿ ಅಳೆದು ಹೋಲಿಸಬೇಕು. ಟೇಪು ನೀರಿಗಿಂತ ಕೆಲವೇ ಡಿಗ್ರಿ ಕಡಿಮೆ ತೋರಿದರೆ ಉಪಕರಣವು ಸರಿಯಿದೆ ಎಂದು ತಿಳಿಯಬಹುದು. ಬರಿಯ ಸ್ಟೀಲು ಬಹಳ ಕಡಿಮೆ ತೋರುವುದು ಉಪಕರಣದ ದೋಷವಲ್ಲ. 4ನೇ ಕಂಡಿಕೆಯಲ್ಲಿ ವಿವರಿಸಿದ ಕಾರಣದಿಂದ ಹೀಗಾಗುತ್ತದೆ. ಕ್ಯಾಮೆರಾವನ್ನು ಆವಿಯ ಮೇಲೆ ಹಿಡಿಯಬಾರದು.

5.3 ಸಣ್ಣ ಜಾಗದ ಪರೀಕ್ಷೆ

ಅದೇ ಪಾತ್ರೆಗೆ 5 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದ ಟೇಪಿನ ಪಟ್ಟಿಯನ್ನೂ ಪೂರ್ಣ ಅಗಲದ ಟೇಪನ್ನೂ ದೂರ ದೂರ ಅಂಟಿಸಬೇಕು. ಮೊದಲು 30 ಸೆಂಟಿಮೀಟರ್, ನಂತರ 1 ಮೀಟರ್ ದೂರದಿಂದ ಎರಡನ್ನೂ ಅಳೆಯಬೇಕು. ಎರಡರ ನಿಜವಾದ ಉಷ್ಣತೆ ಒಂದೇ ಆಗಿದ್ದರೂ, ಯಾವ ದೂರದಿಂದ ಕಿರಿದಾದ ಪಟ್ಟಿಯು ಅಗಲವಾದ ಪಟ್ಟಿಗಿಂತ ಕಡಿಮೆ ತೋರಲಾರಂಭಿಸುತ್ತದೆಯೋ ಅದಕ್ಕಿಂತ ಹತ್ತಿರದಿಂದ ಮಾತ್ರ ಸ್ಕ್ರೂ ಗಾತ್ರದ ಜೋಡಣೆಗಳನ್ನು ಆ ಕ್ಯಾಮೆರಾದಿಂದ ಅಳೆಯಬಹುದು. ವಿವರಣಾ ಪಟ್ಟಿಯ ಯಾವ ಸಂಖ್ಯೆಗಿಂತಲೂ ಈ ಪರೀಕ್ಷೆಯು ಹೆಚ್ಚು ತಿಳಿಸುತ್ತದೆ.

5.4 ಪುನರಾವರ್ತನೆಯ ಪರೀಕ್ಷೆ

ನೆರಳಿನಲ್ಲಿರುವ ಬಣ್ಣ ಬಳಿದ ಗೋಡೆಯ ಒಂದೇ ಜಾಗವನ್ನು ಒಂದೇ ದೂರದಿಂದ ಎರಡು ನಿಮಿಷಕ್ಕೊಮ್ಮೆ ಐದು ಬಾರಿ ಅಳೆದು ಬರೆದಿಟ್ಟುಕೊಳ್ಳಬೇಕು. ಅಳತೆಗಳು ಒಂದಕ್ಕೊಂದು ಹತ್ತಿರವಿರಬೇಕು. ಒಂದೇ ಸಮನೆ ಏರುತ್ತಲೇ ಅಥವಾ ಇಳಿಯುತ್ತಲೇ ಹೋಗುವ ಉಪಕರಣವನ್ನು ಹಿಂದಿರುಗಿಸುವುದು ಲೇಸು. ಆಗಾಗ ಒಳಗಿನಿಂದ ಟಿಕ್ ಎಂಬ ಸದ್ದು ಬಂದು ಚಿತ್ರ ಕ್ಷಣಕಾಲ ನಿಲ್ಲುವುದು ಸ್ವಯಂ ಹೊಂದಾಣಿಕೆಯ ಕ್ರಿಯೆಯಾಗಿದ್ದು, ಇದು ದೋಷವಲ್ಲ.

6. ವಿದ್ಯುತ್ ಬೋರ್ಡಿನ ಪರಿಶೀಲನೆ

6.1 ಸುರಕ್ಷತೆ

ಮನೆಯವರು ಬೋರ್ಡಿನ ಹೊರಬಾಗಿಲನ್ನು ತೆರೆದು ಎಂಸಿಬಿಗಳ ಮುಂಭಾಗವನ್ನು ನೋಡಬಹುದು. ಒಳಗಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚುವುದು ಪ್ರಾಣಾಪಾಯಕ್ಕೆ ಎಡೆ ಮಾಡುತ್ತದೆ. ಒಳಗಿನ ಜೋಡಣೆಗಳನ್ನು ನೋಡುವ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ, ಅನುಮತಿ ಪತ್ರ ಹೊಂದಿರುವ ಮೇಲ್ವಿಚಾರಕರು ಅಥವಾ ವೈರ್‌ಮನ್‌ಗಳಿಂದ ಮಾತ್ರ ಮಾಡಿಸತಕ್ಕದ್ದು.

6.2 ಹೊರೆ ಇರುವಾಗ ನೋಡುವುದು

ಜೋಡಣೆಯಲ್ಲಿ ಉಂಟಾಗುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹವು ಅರ್ಧವಾದರೆ ಶಾಖವು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಲ್ಲವನ್ನೂ ಆರಿಸಿದ ಮನೆಯಲ್ಲಿ ತೆಗೆದ ಚಿತ್ರದಿಂದ ಯಾವ ಪ್ರಯೋಜನವೂ ಇಲ್ಲ. ಮಂಡಲದ ಸಾಮರ್ಥ್ಯದ ಕನಿಷ್ಠ ಶೇಕಡಾ 40ರಷ್ಟು ಹೊರೆ ಇರುವಾಗ ನೋಡುವುದು ರೂಢಿ. ಉದಾಹರಣೆಗೆ, 2 ಕಿಲೋವಾಟ್ ಸಾಮರ್ಥ್ಯದ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಪಡೆಯುತ್ತದೆ; ಇದು 16 ಆಂಪಿಯರ್ ಎಂಸಿಬಿಯ ಸಾಮರ್ಥ್ಯದ ಅರ್ಧಕ್ಕಿಂತ ತುಸು ಹೆಚ್ಚು. ಗೀಸರ್, ಹವಾನಿಯಂತ್ರಣ ಯಂತ್ರ ಮೊದಲಾದವುಗಳನ್ನು ಸಾಧ್ಯವಾದಷ್ಟು ಹೊತ್ತು ಸತತವಾಗಿ ಚಾಲನೆಯಲ್ಲಿರಿಸಿ, ಗೀಸರ್ ತಾನಾಗಿ ಆಫ್ ಆಗುವ ಮೊದಲೇ ನೋಡತಕ್ಕದ್ದು.

6.3 ಹೋಲಿಕೆಯಿಂದ ನಿರ್ಧರಿಸುವುದು

ಕಡಿಮೆ ಬೆಲೆಯ ಕ್ಯಾಮೆರಾದಲ್ಲಿ ಒಂದು ಜಾಗದ ಉಷ್ಣತೆಗಿಂತ ಎರಡು ಜಾಗಗಳ ನಡುವಿನ ವ್ಯತ್ಯಾಸವು ಹೆಚ್ಚು ನಂಬಲರ್ಹ. ಒಂದೇ ಬಗೆಯ, ಒಂದೇ ಪ್ರಮಾಣದ ಹೊರೆ ಹೊತ್ತ ಎರಡು ಭಾಗಗಳನ್ನು ಹೋಲಿಸುವಾಗ ವಿದ್ಯುತ್ ನಿರ್ವಹಣಾ ಕ್ಷೇತ್ರದಲ್ಲಿ ಅಂತಾರಾಷ್ಟ್ರೀಯವಾಗಿ ಅನುಸರಿಸುವ ಮಾರ್ಗಸೂಚಿಯು ಸ್ಥೂಲವಾಗಿ ಹೀಗಿದೆ:

- 1ರಿಂದ 3 ಡಿಗ್ರಿ ವ್ಯತ್ಯಾಸ: ದೋಷದ ಸಾಧ್ಯತೆ, ಗಮನಿಸುತ್ತಿರಬೇಕು
- 4ರಿಂದ 15 ಡಿಗ್ರಿ ವ್ಯತ್ಯಾಸ: ದೋಷವಿರುವ ಸಂಭವ ಹೆಚ್ಚು, ದುರಸ್ತಿಗೆ ಏರ್ಪಾಡು ಮಾಡಬೇಕು
- 15 ಡಿಗ್ರಿಗಿಂತ ಹೆಚ್ಚು: ಗಂಭೀರ ದೋಷ, ತಕ್ಷಣ ದುರಸ್ತಿ ಅಗತ್ಯ

ಮೂರು ಫೇಸ್ ಬೋರ್ಡೊಂದರಲ್ಲಿ ಸಮಾನ ಹೊರೆಯಿದ್ದು, ಎರಡು ಫೇಸ್‌ಗಳ ಜೋಡಣೆ 41 ಮತ್ತು 42 ಡಿಗ್ರಿ, ಮೂರನೆಯದು 58 ಡಿಗ್ರಿ ತೋರಿದಲ್ಲಿ, 58 ಡಿಗ್ರಿ ಎಂಬುದು ತಾನಾಗಿ ದೊಡ್ಡ ಸಂಖ್ಯೆಯಲ್ಲದಿದ್ದರೂ 16 ಡಿಗ್ರಿ ವ್ಯತ್ಯಾಸವು ಗಂಭೀರವಾದುದು. ಹೊರೆ ಅರ್ಧದಷ್ಟೇ ಇದ್ದಾಗ ಈ ವ್ಯತ್ಯಾಸ ಕಂಡುಬಂದಿದ್ದರೆ ಪೂರ್ಣ ಹೊರೆಯಲ್ಲಿ ಅದು ಇನ್ನೂ ಬಹಳ ಹೆಚ್ಚಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ವೈರು ಸತತವಾಗಿ ತಾಳಬಲ್ಲ ಗರಿಷ್ಠ ಉಷ್ಣತೆ 70 ಡಿಗ್ರಿ ಎಂಬುದನ್ನು ನೆನಪಿನಲ್ಲಿಡಬೇಕು.

ಎಲ್ಲ ಬಿಸಿಯೂ ದೋಷವಲ್ಲ. ಹೊರೆ ಹೊತ್ತ ಎಂಸಿಬಿ, ಫ್ಯಾನಿನ ರೆಗ್ಯುಲೇಟರ್, ಇನ್‌ವರ್ಟರ್, ಮೊಬೈಲ್ ಚಾರ್ಜರ್ ಇವು ಸಹಜವಾಗಿಯೇ ಬೆಚ್ಚಗಿರುತ್ತವೆ. ಮುಚ್ಚಳದ ಹಿಂದಿನ ಸ್ಕ್ರೂ ಬಹಳ ಬಿಸಿಯಾಗಿದ್ದರೂ ಎಂಸಿಬಿಯ ಮುಂಭಾಗದಲ್ಲಿ ಅದರ ಒಂದಂಶ ಮಾತ್ರ ಕಾಣುವುದರಿಂದ, ಹೊರಗಿನಿಂದ ನೋಡುವಾಗ ಚಿಕ್ಕ ವ್ಯತ್ಯಾಸವನ್ನೂ ಕಡೆಗಣಿಸಬಾರದು.

7. ಮಂಗಳೂರಿನ ಹವಾಮಾನ ಹಾಗೂ ಕಟ್ಟಡಗಳಿಗೆ ಸಂಬಂಧಿಸಿದ ವಿಶೇಷ ಅಂಶಗಳು

7.1 ಉಪ್ಪು ಗಾಳಿ

ಕಡಲತೀರದ ಉಪ್ಪು ಮಿಶ್ರಿತ ತೇವಗಾಳಿಯಿಂದ ಲೋಹದ ಜೋಡಣೆಗಳು ಬೇಗ ತುಕ್ಕು ಹಿಡಿಯುತ್ತವೆ. ತಾಮ್ರ ಹಾಗೂ ಅಲ್ಯೂಮಿನಿಯಂ ನೇರವಾಗಿ ಸೇರುವ ಜಾಗಗಳಲ್ಲಿ ಇದು ಇನ್ನೂ ಹೆಚ್ಚು. ಹೊರಗೋಡೆಯ ಮೀಟರ್ ಬೋರ್ಡು, ಬಾವಿಯ ಪಂಪಿನ ಸ್ಟಾರ್ಟರ್, ತಾರಸಿಯ ಮೇಲಿನ ಜೋಡಣೆ ಪೆಟ್ಟಿಗೆ ಇವುಗಳನ್ನು ಮೊದಲು ನೋಡುವುದು ಸೂಕ್ತ. ಮೀಟರಿನ ಮುದ್ರೆಯನ್ನು ಯಾವ ಕಾರಣಕ್ಕೂ ಒಡೆಯಕೂಡದು.

7.2 ಹಂಚಿನ ಮನೆಗಳು

19ನೇ ಶತಮಾನದಲ್ಲಿ ಬಾಸೆಲ್ ಮಿಶನ್ ಸಂಸ್ಥೆಯು ಇಲ್ಲಿ ಆರಂಭಿಸಿದ ಹಂಚಿನ ಕೈಗಾರಿಕೆಯಿಂದಾಗಿ ಮಂಗಳೂರು ಹಂಚು ಹೆಸರುವಾಸಿಯಾಯಿತು. ಹಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರಿಂಗ್ ಇರುವುದುಂಟು. ದೀಪ ಮತ್ತು ಫ್ಯಾನುಗಳಿಗೆಂದು ಹಾಕಿದ ಇಂತಹ ವೈರಿಗೆ ಹವಾನಿಯಂತ್ರಣ ಯಂತ್ರವನ್ನು ಜೋಡಿಸಿದಲ್ಲಿ ಜೋಡಣೆ ಮಾತ್ರವಲ್ಲದೆ ಇಡೀ ವೈರೇ ಉದ್ದಕ್ಕೂ ಬಿಸಿಯಾಗಿ ಕಾಣುತ್ತದೆ. ಒಂದೇ ಬಿಂದು ಬಿಸಿಯಾಗಿದ್ದರೆ ಅದು ಹೆಚ್ಚಾಗಿ ಜೋಡಣೆಯ ದೋಷ. ವೈರು ಉದ್ದಕ್ಕೂ ಬಿಸಿಯಾಗಿದ್ದರೆ ಅದು ಮಿತಿಮೀರಿದ ಹೊರೆ. ಮೊದಲನೆಯದಕ್ಕೆ ಜೋಡಣೆಯ ದುರಸ್ತಿ ಪರಿಹಾರವಾದರೆ, ಎರಡನೆಯದಕ್ಕೆ ತಕ್ಕ ಗಾತ್ರದ ಹೊಸ ವೈರು ಅಗತ್ಯ. ಬಿಸಿಲಿನ ವೇಳೆ ಕಾದ ಹಂಚಿನ ಶಾಖವು ಅಳತೆಗೆ ಅಡ್ಡಿಯಾಗುವುದರಿಂದ ಸಂಜೆಯ ನಂತರ ಪರಿಶೀಲಿಸುವುದು ಉತ್ತಮ.

7.3 ಗೋಡೆಯ ತೇವ

ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆಯಾಗುತ್ತಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಗೋಡೆಯ ಸೋರಿಕೆಯನ್ನು ಪತ್ತೆ ಹಚ್ಚುವ ಉದ್ದೇಶದಿಂದಲೂ ಕೆಲವರು ಈ ಉಪಕರಣವನ್ನು ಖರೀದಿಸುತ್ತಾರೆ. ಕ್ಯಾಮೆರಾವು ನೀರನ್ನು ನೋಡುವುದಿಲ್ಲ. ನೀರು ಆರುವಾಗ ಗೋಡೆ ತಂಪಾಗುವುದನ್ನು ನೋಡುತ್ತದೆ. ಜುಲೈ ತಿಂಗಳ ಎಡೆಬಿಡದ ಮಳೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ನೀರು ಆರುವುದು ಬಹಳ ನಿಧಾನ. ಮನೆಯ ಒಳಗಿನ ಹಾಗೂ ಹೊರಗಿನ ಉಷ್ಣತೆಯೂ ಬಹುತೇಕ ಸಮನಾಗಿರುತ್ತದೆ. ಹೀಗಾಗಿ ಸೋರಿಕೆ ಅತಿ ಹೆಚ್ಚಾಗಿರುವ ದಿನಗಳಲ್ಲೇ ಕ್ಯಾಮೆರಾದಲ್ಲಿ ಗೋಡೆಯು ಏಕರೂಪವಾಗಿ ಕಾಣಬಹುದು. ಮಳೆ ಬಿಟ್ಟು ಬಿಸಿಲು ಬಂದ ನಂತರ, ಗಾಳಿ ಒಣಗಿರುವಾಗ ಅಥವಾ ಹವಾನಿಯಂತ್ರಣದಿಂದ ಕೊಠಡಿಯ ತೇವಾಂಶ ಕಡಿಮೆಯಾದಾಗ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ತಂಪಾಗಿ ಕಂಡ ಜಾಗವನ್ನು ತೇವ ಅಳೆಯುವ ಮೀಟರಿನಿಂದ ದೃಢಪಡಿಸಿಕೊಂಡ ನಂತರವೇ ಗೋಡೆಯನ್ನು ಒಡೆಯಲು ಮುಂದಾಗತಕ್ಕದ್ದು. ತೇವವಾದ ಗೋಡೆಯಲ್ಲಿ ಸ್ವಿಚ್ ಬೋರ್ಡು ಇದ್ದಲ್ಲಿ ಅದನ್ನು ಮುಟ್ಟದೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು.

7.4 ಮೇಲ್ಛಾವಣಿಯ ಸೌರ ಫಲಕಗಳು

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ನಂತರ ಮನೆಗಳ ಮೇಲೆ ಸೌರ ಫಲಕಗಳನ್ನು ಅಳವಡಿಸಲು ಉತ್ತೇಜನ ದೊರೆತಿದೆ. ಫಲಕದಲ್ಲಿ ಹಾಳಾದ ಕೋಶವು ಉಳಿದವುಗಳಿಗಿಂತ ಬಿಸಿಯಾಗಿರುತ್ತದೆ. ಇದನ್ನು ನೋಡಲು ಮೋಡವಿಲ್ಲದ ಪ್ರಖರ ಬಿಸಿಲು ಬೇಕು. ಫಲಕದ ಗಾಜು ಆಕಾಶವನ್ನೂ ನೋಡುವವರ ದೇಹವನ್ನೂ ಪ್ರತಿಫಲಿಸುವುದರಿಂದ ನಿಲ್ಲುವ ಜಾಗವನ್ನು ಬದಲಿಸಿ ನೋಡಬೇಕು. ನೋಡುವವರೊಂದಿಗೆ ಚಲಿಸುವ ಬಿಸಿ ಗುರುತು ಪ್ರತಿಫಲನ. ಒಂದೇ ಕೋಶದಲ್ಲಿ ನಿಲ್ಲುವ ಗುರುತು ದೋಷವಿರಬಹುದು.

8. ಥರ್ಮಲ್ ಕ್ಯಾಮೆರಾ ತೋರಿಸಲಾಗದ ದೋಷಗಳು

ಈ ಕೆಳಕಂಡವುಗಳನ್ನು ಯಾವ ಬೆಲೆಯ ಥರ್ಮಲ್ ಕ್ಯಾಮೆರಾವೂ ಪತ್ತೆ ಹಚ್ಚುತ್ತದೆಂದು ಭರವಸೆ ಇಡಲಾಗದು:

- ಭೂಸಂಪರ್ಕ ಇಲ್ಲದಿರುವುದು ಅಥವಾ ದುರ್ಬಲವಾಗಿರುವುದು
- ಆರ್‌ಸಿಸಿಬಿ ಇಲ್ಲದಿರುವುದು ಅಥವಾ ಅದು ಕೆಲಸ ಮಾಡದಿರುವುದು
- ವೈರಿನ ಗಾತ್ರಕ್ಕಿಂತ ಹೆಚ್ಚಿನ ಸಾಮರ್ಥ್ಯದ ಎಂಸಿಬಿ ಅಳವಡಿಸಿರುವುದು
- ಗೋಡೆಯ ಒಳಗೆ ಆಳದಲ್ಲಿರುವ ವೈರಿನ ಹೊದಿಕೆ ಹಾಳಾಗಿರುವುದು
- ಪರಿಶೀಲನೆಯ ವೇಳೆ ಬಳಕೆಯಲ್ಲಿರದ ಮಂಡಲದ ದೋಷ

ಮೇಲ್ಕಂಡವುಗಳಲ್ಲಿ ಮೊದಲೆರಡು ವಿದ್ಯುತ್ ಆಘಾತದಿಂದ ಪ್ರಾಣ ಉಳಿಸುವ ವ್ಯವಸ್ಥೆಗಳಾಗಿರುತ್ತವೆ. ಇವುಗಳನ್ನು ಸಂಬಂಧಿಸಿದ ಮೀಟರುಗಳಿಂದ ಪರೀಕ್ಷಿಸಬೇಕು. ವೈರಿಂಗ್‌ಗೆ ಐಎಸ್ 732 ಹಾಗೂ ಭೂಸಂಪರ್ಕಕ್ಕೆ ಐಎಸ್ 3043 ಭಾರತೀಯ ಮಾನಕಗಳು ಮಾರ್ಗದರ್ಶಿಯಾಗಿವೆ. ಆರ್‌ಸಿಸಿಬಿಯ ಮೇಲಿರುವ ಪರೀಕ್ಷಾ ಗುಂಡಿಯನ್ನು ಮನೆಯವರೇ ನಿಯತಕಾಲಿಕವಾಗಿ ಒತ್ತಿ ನೋಡಬಹುದು.

9. ಖರೀದಿ, ಬಾಡಿಗೆ ಹಾಗೂ ಗ್ರಾಹಕರ ಹಕ್ಕುಗಳು

ಒಂದೇ ಮನೆಯ ಬೋರ್ಡನ್ನು ವರ್ಷಕ್ಕೊಮ್ಮೆ ನೋಡುವ ಉದ್ದೇಶವಿದ್ದಲ್ಲಿ ಉಪಕರಣವನ್ನು ಹೊಂದಿರುವ ಪರವಾನಗಿ ಪಡೆದ ಗುತ್ತಿಗೆದಾರರಿಂದ ತಪಾಸಣೆ ಮಾಡಿಸುವುದು ಮಿತವ್ಯಯಕರ. ಹಲವು ಮನೆಗಳಿರುವ ಅಪಾರ್ಟ್‌ಮೆಂಟ್ ಸಂಘ, ಸಣ್ಣ ಕೈಗಾರಿಕೆ ಅಥವಾ ವೃತ್ತಿನಿರತ ವೈರ್‌ಮನ್‌ಗಳಿಗೆ ಸ್ವಂತ ಉಪಕರಣವು ಉಪಯುಕ್ತವಾಗಬಹುದು. ಬೋರ್ಡಿನ ಪರಿಶೀಲನೆಯೇ ಮುಖ್ಯ ಉದ್ದೇಶವಾಗಿದ್ದಲ್ಲಿ 160×120ಕ್ಕಿಂತ ಕಡಿಮೆ ಬಿಂದುಗಳ ಸಂವೇದಕವನ್ನು ಆಯ್ಕೆ ಮಾಡದಿರುವುದು ಒಳಿತು.

ಖರೀದಿಯ ವೇಳೆ ಜಿಎಸ್‌ಟಿ ನಮೂದಿಸಿದ ಬಿಲ್ಲು, ಭಾರತದಲ್ಲಿ ಊರ್ಜಿತವಾದ ವಾರಂಟಿ ಪತ್ರ ಹಾಗೂ ಸೇವಾ ಕೇಂದ್ರದ ವಿಳಾಸವನ್ನು ಪಡೆಯತಕ್ಕದ್ದು. ಬಿಲ್ಲಿನಲ್ಲಿ ಸಂವೇದಕದ ಬಿಂದುಗಳ ಸಂಖ್ಯೆಯನ್ನು ಬರೆಯಿಸಿಕೊಳ್ಳುವುದು ಮುಂದಿನ ವಿವಾದಕ್ಕೆ ಆಧಾರವಾಗುತ್ತದೆ. ವೃತ್ತಿಪರ ವರದಿ ನೀಡುವವರು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಉಪಕರಣವನ್ನು ಕ್ಯಾಲಿಬ್ರೇಷನ್ ಮಾಡಿಸುವುದು ಅಪೇಕ್ಷಣೀಯ.

ಘೋಷಿಸಿದ ಗುಣಮಟ್ಟವಿಲ್ಲದ ಉಪಕರಣವನ್ನು ಮಾರಾಟ ಮಾಡಿದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ದೂರು ಸಲ್ಲಿಸಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸ್ವಉದ್ಯೋಗದಿಂದ ಜೀವನೋಪಾಯ ನಡೆಸಲು ಉಪಕರಣ ಖರೀದಿಸಿದ ವೈರ್‌ಮನ್‌ ಕೂಡ ಈ ಅಧಿನಿಯಮದಡಿ ಗ್ರಾಹಕರೆನಿಸುತ್ತಾರೆ.

10. ದೋಷ ಕಂಡುಬಂದಲ್ಲಿ ಕೈಗೊಳ್ಳಬೇಕಾದ ಕ್ರಮ

(1) ಬಿಸಿಯಾದ ಜಾಗವು ಮನೆಯ ಒಳಗಿನ ವೈರಿಂಗ್‌ಗೆ ಸೇರಿದ್ದಲ್ಲಿ ಆ ಮಂಡಲವನ್ನು ಆರಿಸಿ, ಪರವಾನಗಿ ಪಡೆದ ಗುತ್ತಿಗೆದಾರರಿಂದ ದುರಸ್ತಿ ಮಾಡಿಸುವುದು.

(2) ಬಿಸಿಯಾದ ಜಾಗವು ಕಂಬದಿಂದ ಬರುವ ತಂತಿ ಅಥವಾ ಮೀಟರಿಗೆ ಸೇರಿದ್ದಲ್ಲಿ ಸಹಾಯವಾಣಿ 1912ಕ್ಕೆ ಕರೆ ಮಾಡಿ ಮಂಗಳೂರು ವಿದ್ಯುಚ್ಛಕ್ತಿ ಸರಬರಾಜು ಕಂಪನಿಗೆ (ಮೆಸ್ಕಾಂ) ತಿಳಿಸುವುದು.

(3) ಹೊರೆ ಮಂಜೂರಾದ ಪ್ರಮಾಣವನ್ನು ಮೀರಿದ್ದಲ್ಲಿ ಹೆಚ್ಚುವರಿ ಹೊರೆಗಾಗಿ ಮೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸುವುದು. ಎಂಸಿಬಿ ಪದೇ ಪದೇ ಬೀಳುತ್ತದೆಂದು ಹೆಚ್ಚು ಸಾಮರ್ಥ್ಯದ ಎಂಸಿಬಿ ಅಳವಡಿಸುವುದು ಅಪಾಯಕಾರಿ.

(4) ಹೊಗೆ ಅಥವಾ ಸುಟ್ಟ ವಾಸನೆ ಬಂದಲ್ಲಿ ಚಿತ್ರ ತೆಗೆಯುತ್ತಾ ನಿಲ್ಲದೆ, ಸುರಕ್ಷಿತವಾಗಿ ಸಾಧ್ಯವಾದರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಹೊರಬಂದು 101 ಅಥವಾ 112ಕ್ಕೆ ಕರೆ ಮಾಡುವುದು. ವಿದ್ಯುತ್ ಬೆಂಕಿಗೆ ನೀರು ಎರಚಕೂಡದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇವೆಗಾಗಿ ಸಲ್ಲಿಸುವ ಅರ್ಜಿಯೊಂದಿಗೆ ಪರೀಕ್ಷಾ ವರದಿಯ ಬದಲಾಗಿ ಶಾಖಚಿತ್ರವನ್ನು ನೀಡಬಹುದೇ?
ಉತ್ತರ: ಇಲ್ಲ. ವೈರಿನ ಹೊದಿಕೆಯ ನಿರೋಧನ ಹಾಗೂ ಭೂಸಂಪರ್ಕದ ಪರೀಕ್ಷೆಗಳ ಸ್ಥಾನವನ್ನು ಶಾಖಚಿತ್ರವು ತುಂಬಲಾರದು. ಅರ್ಜಿಯ ನಮೂನೆಯಲ್ಲಿ ಕೇಳಲಾದ ವರದಿಯನ್ನೇ ಸಲ್ಲಿಸತಕ್ಕದ್ದು.

ಪ್ರಶ್ನೆ: ಮೊಬೈಲ್ ಫೋನಿಗೆ ಜೋಡಿಸುವ ಮಾದರಿ ಸಾಕಾಗುತ್ತದೆಯೇ?
ಉತ್ತರ: ಸಂವೇದಕವು ಒಂದೇ ಆಗಿದ್ದಲ್ಲಿ ಚಿತ್ರದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಆದರೆ ಫೋನಿನ ಕೊಂಡಿ ಹಾಗೂ ಆಪ್ ಮುಂದೆಯೂ ಹೊಂದಿಕೊಳ್ಳುತ್ತವೆಯೇ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಪ್ರಶ್ನೆ: ಇದರಿಂದ ಜ್ವರವನ್ನು ಅಳೆಯಬಹುದೇ?
ಉತ್ತರ: ಸೂಕ್ತವಲ್ಲ. 2 ಡಿಗ್ರಿ ಹೆಚ್ಚು ಕಡಿಮೆಯಾಗುವ ಉಪಕರಣದಲ್ಲಿ 37 ಡಿಗ್ರಿ ಹಾಗೂ 39 ಡಿಗ್ರಿಯ ನಡುವಿನ ಅಂತರವನ್ನು ನಿಶ್ಚಯಿಸಲಾಗದು.

12. ವಿಶೇಷ ಸೂಚನೆ

ಥರ್ಮಲ್ ಕ್ಯಾಮೆರಾವು ಎಲ್ಲಿ ಪರಿಶೀಲಿಸಬೇಕು ಎಂಬುದನ್ನು ಸೂಚಿಸುವ ಸಾಧನವೇ ಹೊರತು ಸುರಕ್ಷತೆಯನ್ನು ದೃಢೀಕರಿಸುವ ಸಾಧನವಲ್ಲ. ಸರಿಯಾಗಿ ತೆಗೆದ ಚಿತ್ರದಲ್ಲಿ ಒಂದು ಜೋಡಣೆ ಅಕ್ಕಪಕ್ಕದವುಗಳಿಗಿಂತ ಬಿಸಿಯಾಗಿ ಕಂಡರೆ ಅದಕ್ಕೆ ಕಾರಣವನ್ನು ಹುಡುಕಲೇಬೇಕು. ಏನೂ ಬಿಸಿಯಾಗಿ ಕಾಣದಿದ್ದಲ್ಲಿ, ಆ ಹೊತ್ತಿನಲ್ಲಿ, ಆ ಹೊರೆಯಲ್ಲಿ, ಆ ಮೇಲ್ಮೈಯಲ್ಲಿ ಬಿಸಿ ಕಾಣಲಿಲ್ಲ ಎಂದಷ್ಟೇ ತಿಳಿಯತಕ್ಕದ್ದು. ಸಾರ್ವಜನಿಕರು ಈ ವ್ಯತ್ಯಾಸವನ್ನು ಅರಿತು ಉಪಕರಣವನ್ನು ಬಳಸುವಂತೆ ಕೋರಲಾಗಿದೆ.